ಇ-ಪೋರ್ಟ್‌ಫೋಲಿಯೊ: ಟೆಂಪ್ಲೇಟ್ ಹುಡುಕುವ ಮೊದಲು ಒಂದು ಪುಟ ಮುಗಿಸಿ

ಇ-ಪೋರ್ಟ್‌ಫೋಲಿಯೊ (ಪಾಠಯೋಜನೆ, ಮಕ್ಕಳ ಕೆಲಸ, ಟಿಪ್ಪಣಿಗಳನ್ನು ಸೇರಿಸಿಟ್ಟ ಆನ್‌ಲೈನ್ ಸಂಗ್ರಹ) ಮಾಡಿ ಅಂದ ಕೂಡಲೇ ಶಿಕ್ಷಕ ತರಬೇತಿಯಲ್ಲಿರುವವರು ಸಾಮಾನ್ಯವಾಗಿ ಕ್ಯಾನ್ವಾ ಎಂಬ ವಿನ್ಯಾಸದ ಆ್ಯಪ್ ತೆರೆದು ಟೆಂಪ್ಲೇಟ್ (ಸಿದ್ಧ ವಿನ್ಯಾಸ) ಹುಡುಕಲು ಕೂರುತ್ತಾರೆ. ಎರಡು ಸಂಜೆ ಅಲ್ಲೇ ಕಳೆದುಹೋಗುತ್ತವೆ. ಆಮೇಲೆ ಟೆಂಪ್ಲೇಟ್‌ನಲ್ಲಿ ಮೂರು ಫೋಟೊಗೆ ಜಾಗ ಇದೆ ಅಂತ ಎಲ್ಲಿಂದಲೋ ಮೂರು ಫೋಟೊ ತಂದು ತುರುಕುವ ಕೆಲಸ. ಮಾಡಬೇಕಾದ್ದು ಇದರ ಉಲ್ಟಾ. ಒಂದೇ ಪಾಠ ಆರಿಸಿ, ಅದಕ್ಕೊಂದು ಪುಟ ಪೂರ್ತಿ ಮುಗಿಸಿ. ಉಳಿದ ಪುಟಗಳ ವಿನ್ಯಾಸ ಅದರಿಂದಲೇ ಹುಟ್ಟುತ್ತದೆ.

ಭಿನ್ನರಾಶಿ ಪಾಠವನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿಯೊಬ್ಬ 1/2 + 1/3 = 2/5 ಅಂತ ಬರೆದಿದ್ದಾನೆ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿಬಿಟ್ಟಿದ್ದಾನೆ. ಉತ್ತರ ಅರ್ಧಕ್ಕಿಂತಲೂ ಕಡಿಮೆ ಬಂದದ್ದು ಅವನ ಕಣ್ಣಿಗೆ ಬಿದ್ದಿಲ್ಲ. ಪುಟದ ಮೇಲ್ಭಾಗದಲ್ಲಿ ಆ ಉತ್ತರದ ಫೋಟೊ, ಅದರ ಕೆಳಗೆ ಕಾಗದದ ಪಟ್ಟಿಯನ್ನು ಆರು ಭಾಗ ಮಾಡಿ ತೋರಿಸಿದ ಚಿತ್ರ, ಆಮೇಲೆ ಅದೇ ವಿದ್ಯಾರ್ಥಿ 3/6 + 2/6 = 5/6 ಅಂತ ಬರೆದ ಹಾಳೆ. ಕೊನೆಯಲ್ಲಿ 120–150 ಪದಗಳ ಟಿಪ್ಪಣಿ: ತಪ್ಪು ಯಾಕಾಯಿತು, ಪಟ್ಟಿಯನ್ನೇ ಯಾಕೆ ಬಳಸಿದೆ, ಮುಂದಿನ ಸಲ ಏನು ಬದಲಿಸುತ್ತೇನೆ. ‘ಪಾಠ ಚೆನ್ನಾಗಿ ನಡೆಯಿತು, ಮಕ್ಕಳು ಖುಷಿಪಟ್ಟರು’ ಅನ್ನುವ ಟಿಪ್ಪಣಿಯನ್ನು ಯಾವ ಬಣ್ಣದ ಹಿನ್ನೆಲೆಯೂ ಕಾಪಾಡಲಾರದು.

ಇಷ್ಟಕ್ಕೆ ಎರಡು ಉಪಕರಣ ಸಾಕು. ಪುಟಗಳ ಚೌಕಟ್ಟಿಗೆ ವೆಬ್‌ಸೈಟ್ ಕಟ್ಟುವ ಗೂಗಲ್ ಸೈಟ್ಸ್, ಬ್ಯಾನರ್ ಮತ್ತು ಒಂದೆರಡು ರೇಖಾಚಿತ್ರಕ್ಕೆ ಕ್ಯಾನ್ವಾ. ಇಡೀ ಪೋರ್ಟ್‌ಫೋಲಿಯೊವನ್ನು ಕ್ಯಾನ್ವಾದಲ್ಲೇ ಕಟ್ಟಿ ಚಿತ್ರಗಳಾಗಿ ಇಳಿಸಿದರೆ ಅದರೊಳಗಿನ ಅಕ್ಷರಗಳನ್ನು ಹುಡುಕಲಾಗುವುದಿಲ್ಲ, ನಕಲಿಸಲಾಗುವುದಿಲ್ಲ, ದೃಷ್ಟಿ ಇಲ್ಲದವರಿಗೆ ಪರದೆಯನ್ನು ಓದಿಹೇಳುವ ಸ್ಕ್ರೀನ್ ರೀಡರ್ ಓದುವುದೂ ಇಲ್ಲ. ಪಿಡಿಎಫ್ ಬೇಕೇಬೇಕಾದರೆ ‘ಪಿಡಿಎಫ್ ಸ್ಟ್ಯಾಂಡರ್ಡ್’ ಆರಿಸಿ, ‘ಫ್ಲ್ಯಾಟನ್’ ಗುರುತು ತೆಗೆದುಬಿಡಿ. ಫ್ಲ್ಯಾಟನ್ ಮಾಡಿದರೆ ಪುಟವೆಲ್ಲ ಒಂದೇ ಚಿತ್ರವಾಗಿಬಿಡುತ್ತದೆ.

ಫೋನಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೊ ಸುಮಾರು 4000 × 3000 ಪಿಕ್ಸೆಲ್, ಮೂರ್ನಾಲ್ಕು ಎಂಬಿ ಇರುತ್ತದೆ. ಪರದೆಗೆ 1600 ಪಿಕ್ಸೆಲ್ ಅಗಲ ಧಾರಾಳ. ಜೆಪೆಗ್ ಆಗಿ ಉಳಿಸಿದರೆ 300–400 ಕೆಬಿಗೆ ಇಳಿಯುತ್ತದೆ. ಸ್ಕ್ರೀನ್‌ಶಾಟ್, ರೇಖಾಚಿತ್ರಗಳಿಗೆ ಮಾತ್ರ ಪಿಎನ್‌ಜಿ. ಜೆಪೆಗ್‌ನಲ್ಲಿ ಅಕ್ಷರಗಳ ಅಂಚು ಕಲೆಗಟ್ಟುತ್ತದೆ. ಉತ್ತರಪತ್ರಿಕೆಯನ್ನು ಕಿಟಕಿಯ ಬೆಳಕಿನಲ್ಲಿ, ನೇರ ಮೇಲಿನಿಂದ ತೆಗೆಯಿರಿ. ಫ್ಲ್ಯಾಶ್ ಹಾಕಿದರೆ ಪೆನ್ಸಿಲ್ ಬರಹ ಮಿಂಚಿ ಮಾಯವಾಗುತ್ತದೆ.

ಎಲ್ಲರೂ ಎಡವುವ ಜಾಗ ವಿದ್ಯಾರ್ಥಿಯ ಹೆಸರು. ಗೂಗಲ್ ಸ್ಲೈಡ್ಸ್‌ನಲ್ಲಿ ಫೋಟೊ ಕ್ರಾಪ್ ಮಾಡಿ ಹೆಸರು ಹೋಯಿತು ಅಂದುಕೊಳ್ಳುತ್ತೀರಿ. ಹೋಗಿರುವುದಿಲ್ಲ. ಮೂಲ ಚಿತ್ರ ಫೈಲಿನೊಳಗೇ ಕೂತಿರುತ್ತದೆ, ಎಡಿಟ್ ಮಾಡಬಲ್ಲವರು ‘ರಿಸೆಟ್ ಇಮೇಜ್’ ಒತ್ತಿದರೆ ಪೂರ್ತಿ ಹಿಂದಿರುಗುತ್ತದೆ. ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಚೌಕ ಇಟ್ಟರೂ ಕೆಳಗಿನದು ಹಾಗೇ ಉಳಿಯಬಹುದು. ಫೋನಿನ ಗ್ಯಾಲರಿಯಲ್ಲೇ ಕತ್ತರಿಸಿ, ಬೇರೆ ಜೆಪೆಗ್ ಆಗಿ ಉಳಿಸಿ, ಆ ಹೊಸ ಪ್ರತಿಯನ್ನಷ್ಟೇ ಏರಿಸಿ. ಫೋಟೊದ ಜೊತೆ ಸೇರಿರುವ ಜಿಪಿಎಸ್ ಸ್ಥಳವನ್ನೂ ಅಳಿಸಿ. ಮುಖ ಕಾಣುವ ಚಿತ್ರಕ್ಕೆ ಪೋಷಕರ ಮತ್ತು ಶಾಲೆಯ ಲಿಖಿತ ಒಪ್ಪಿಗೆ ಇರಲಿ. ನನ್ನನ್ನು ಕೇಳಿದರೆ ಮುಖವೇ ಬೇಡ, ಕೈಗಳೂ ಕೆಲಸವೂ ಕಂಡರೆ ಸಾಕು.

ಕನ್ನಡದಲ್ಲಿ ಮಾಡುವವರಿಗೆ ಇನ್ನಷ್ಟು ಕಿರಿಕಿರಿ ಇದೆ. ಯೂನಿಕೋಡ್ (ಎಲ್ಲ ಸಾಧನಗಳಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಿಸಿದ ಪಾಠಯೋಜನೆಯನ್ನು ನಕಲಿಸಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿಕೊಳ್ಳಿ. ನೋಟೊ ಸಾನ್ಸ್ ಕನ್ನಡದಂಥ ಒಂದೇ ಫಾಂಟಿಗೆ ಅಂಟಿಕೊಳ್ಳಿ. ಸಾಲಿನ ಅಂತರ 1.5ಕ್ಕಿಂತ ಕಡಿಮೆಯಾದರೆ ‘ರಾಷ್ಟ್ರ’ದ ಕೆಳಗಿನ ಒತ್ತುಗಳು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಅಕ್ಷರಗಳ ನಡುವಿನ ಅಂತರ ಸೊನ್ನೆಯೇ ಇರಲಿ. ಇಂಗ್ಲಿಷ್ ಶೀರ್ಷಿಕೆಗೆ ಚೆಂದ ಕಾಣುವ ಆ ಬಿಡಿಬಿಡಿ ಶೈಲಿ ಕನ್ನಡದ ಅಕ್ಷರಕ್ಕೆ ಒಗ್ಗುವುದಿಲ್ಲ.

ಬಣ್ಣದ ಬಗ್ಗೆ ಒಂದೇ ಮಾತು: ಬಿಳಿಯ ಮೇಲೆ ತೆಳು ಬೂದು ಬೇಡ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಬೇಕು ಅನ್ನುತ್ತವೆ ವೆಬ್ ಮಾರ್ಗಸೂಚಿಗಳು. 999999 ಬಣ್ಣಸಂಕೇತದ ಬೂದು ಅಲ್ಲಿಗೆ ಮುಟ್ಟುವುದಿಲ್ಲ, 767676 ಮುಟ್ಟುತ್ತದೆ.

ಇನ್ನು ಅನುಮತಿ. ಸೈಟ್ ‘ಪಬ್ಲಿಷ್’ ಆಗಿದೆ, ಆದರೂ ಮೌಲ್ಯಮಾಪಕರಿಗೆ ಪಾಠಯೋಜನೆಯ ಜಾಗದಲ್ಲಿ ‘ಅನುಮತಿ ಬೇಕು’ ಅಂತ ಕಾಣುತ್ತದೆ. ಕಾರಣ ಇಷ್ಟೇ: ಗೂಗಲ್ ಡ್ರೈವ್‌ನಿಂದ ಸೇರಿಸಿದ ಪ್ರತಿ ಫೈಲಿಗೂ ಅದರದೇ ಅನುಮತಿ ಇರುತ್ತದೆ, ಸೈಟಿನದು ಅದಕ್ಕೆ ಅನ್ವಯಿಸುವುದಿಲ್ಲ. ಪೋರ್ಟ್‌ಫೋಲಿಯೊ ಫೈಲುಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ, ಆ ಫೋಲ್ಡರನ್ನು ‘ಎನಿವನ್ ವಿತ್ ದ ಲಿಂಕ್ – ವ್ಯೂವರ್’ (ಲಿಂಕ್ ಇದ್ದವರೆಲ್ಲ ನೋಡಬಹುದು, ತಿದ್ದಲಾಗದು) ಮಾಡಿ. ಅಲ್ಲಿ ಬೇರೇನನ್ನೂ ಇಡಬೇಡಿ. ಇಟ್ಟರೆ ಅಂಕಪಟ್ಟಿಯೂ ಜೊತೆಗೆ ತೆರೆದುಕೊಂಡೀತು. ತಿದ್ದಿದಾಗಲೆಲ್ಲ ಮತ್ತೆ ಪಬ್ಲಿಷ್ ಒತ್ತಬೇಕು, ಇಲ್ಲದಿದ್ದರೆ ಹೊರಗಿನವರಿಗೆ ಹಳೆಯ ಪುಟವೇ ಕಾಣುತ್ತಿರುತ್ತದೆ. ಪರೀಕ್ಷಿಸುವಾಗ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಅಂದರೆ ನಿಮ್ಮ ಖಾತೆಗೆ ಲಾಗಿನ್ ಆಗದೆ, ತೆರೆಯಿರಿ. ನಿಮ್ಮ ಖಾತೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಸಂಸ್ಥೆ ಕೊಟ್ಟ ಖಾತೆಯಲ್ಲಿ ಕಟ್ಟಿದ್ದರೆ, ತರಬೇತಿ ಮುಗಿದ ಮೇಲೆ ಆ ಖಾತೆಯನ್ನು ಮುಚ್ಚಬಹುದು. ಮುಚ್ಚುವ ಮೊದಲೇ ಫೈಲುಗಳನ್ನು ಇಳಿಸಿಕೊಂಡು ಸ್ವಂತ ಖಾತೆಗೆ ಏರಿಸಿ. ಹೊಸ ಪ್ರತಿಗೆ ಹೊಸ ಲಿಂಕ್ ಬರುವುದರಿಂದ ಸೈಟಿನ ಪ್ರತಿ ಪುಟದಲ್ಲೂ ಅದನ್ನು ಮತ್ತೆ ಸೇರಿಸಬೇಕಾಗುತ್ತದೆ. ಹನ್ನೆರಡು ಪುಟಗಳಿದ್ದರೆ ಅರ್ಧ ದಿನದ ಕೆಲಸ ಅಂತಿಟ್ಟುಕೊಳ್ಳಿ.