ಅನ್ನ ಬಿಟ್ಟುಬಿಡಲೇ ಎಂದು ಕೇಳುವವರಿಗೆ

ಪೋಷಣಶಾಸ್ತ್ರದ ಪಾಠ ಮಾಡುವವಳೆಂದು ತಿಳಿದೊಡನೆ, ಮದುವೆಮನೆಯ ಪಂಕ್ತಿಯಲ್ಲಾಗಲಿ ಬಸ್ಸಿನಲ್ಲಾಗಲಿ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ: “ತೂಕ ಇಳಿಸಬೇಕು, ಅನ್ನ ಬಿಟ್ಟುಬಿಡಲೇ?” ಬಿಡಬೇಕಾಗಿಲ್ಲ, ತಟ್ಟೆಯಲ್ಲಿ ಅದು ಆಕ್ರಮಿಸಿಕೊಂಡಿರುವ ಜಾಗವನ್ನು ಕಡಿಮೆ ಮಾಡಿದರೆ ಸಾಕು ಎನ್ನುತ್ತೇನೆ. ಇಷ್ಟಕ್ಕೇ ಸಮಾಧಾನಪಡುವವರು ಅಪರೂಪವಾದ್ದರಿಂದ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಧಾನ್ಯಗಳಲ್ಲಿ ಕೊಬ್ಬು ಇರುವುದೇ ಅತ್ಯಲ್ಪ. 100 ಗ್ರಾಂ ರಾಗಿಯಲ್ಲಿ ಅಥವಾ ಜೋಳದಲ್ಲಿ ಅದು 2 ಗ್ರಾಂ ಮುಟ್ಟುವುದಿಲ್ಲ. ಸಜ್ಜೆಯಲ್ಲಿ ಮಾತ್ರ ಸುಮಾರು 5 ಗ್ರಾಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅರ್ಧ ಗ್ರಾಂ ಆಸುಪಾಸು ಇರುವುದರಿಂದ, ಕೊಬ್ಬೊಂದನ್ನೇ ಲೆಕ್ಕ ಹಾಕಿದರೆ ಅಕ್ಕಿಯೇ ಗೆಲ್ಲಬೇಕು. ಆದರೆ ಗಿರಣಿಯಲ್ಲಿ ಕೊಬ್ಬಿನೊಂದಿಗೆ ತೌಡೂ ಹೋಗಿ, ತೌಡಿನೊಂದಿಗೆ ನಾರು ಮತ್ತು ಬಿ ಜೀವಸತ್ವಗಳ ಬಹುಪಾಲು ಹೋಗಿರುತ್ತದೆ. ಅದೇ ತೂಕದ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 340 ಮಿಲಿಗ್ರಾಂಗೂ ಮೇಲ್ಪಟ್ಟು ಕ್ಯಾಲ್ಸಿಯಂ ಇದ್ದರೆ, ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂನೊಳಗೆ, ಕ್ಯಾಲ್ಸಿಯಂ 10 ಮಿಲಿಗ್ರಾಂ ಸುತ್ತಮುತ್ತ. ಪಿಷ್ಟ ಎಲ್ಲದರಲ್ಲಿಯೂ ಇದ್ದೇ ಇರುತ್ತದೆಯಾದ್ದರಿಂದ, ಅದರ ಜೊತೆಗೆ ಇನ್ನೇನು ಬರುತ್ತದೆ ಎಂಬುದನ್ನು ನೋಡಿ ಧಾನ್ಯವನ್ನು ಆರಿಸಿಕೊಳ್ಳಬೇಕು.

ಕೊಬ್ಬು ಸೇರುವುದು ಅಡುಗೆಮನೆಯಲ್ಲಿ. ಎಸರು ಮರಳುವಾಗ ಹಿಟ್ಟು ಸುರಿದು, ಬೇಯಲು ಬಿಟ್ಟು, ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಒದ್ದೆ ಕೈಯಲ್ಲಿ ಮುದ್ದೆ ಕಟ್ಟುವವರೆಗೆ ಒಂದು ಹನಿ ಎಣ್ಣೆಯೂ ಬೇಕಾಗುವುದಿಲ್ಲ. ಜೋಳದ ರೊಟ್ಟಿಯೂ ಹಾಗೆಯೇ: ಬಿಸಿನೀರಿನಲ್ಲಿ ನಾದಿದ ಹಿಟ್ಟನ್ನು ತಟ್ಟಿ, ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲ್ಮೈ ಸವರಿದರೆ ಮುಗಿಯಿತು. ಆದರೆ ಪಕ್ಕದಲ್ಲಿ ಶೇಂಗಾ, ಎಣ್ಣೆ ತೇಲುವ ಎಣ್ಣೆಗಾಯಿ ಬಂದು ಕುಳಿತಾಗ ಲೆಕ್ಕವೇ ಬದಲಾಗುತ್ತದೆ. ಊಟದ ದೊಡ್ಡ ಚಮಚದಷ್ಟು ಎಣ್ಣೆಯೆಂದರೆ ಸುಮಾರು 120 ಕ್ಯಾಲೊರಿ. ಪೂರಿ, ಮಸಾಲೆ ದೋಸೆಗಳ ವಿಷಯವನ್ನು ನಾನು ಬೇರೆ ಹೇಳಬೇಕಾಗಿಲ್ಲ. (ಎಣ್ಣೆಗಾಯಿಯನ್ನು ನಾನೂ ಬಿಟ್ಟಿಲ್ಲ, ವಾರಕ್ಕೊಮ್ಮೆ ಮಾಡುತ್ತೇನೆ.)

ರಾಗಿಯ ಹೆಸರಿನಲ್ಲಿ ನಡೆಯುವ ಮೋಸಕ್ಕೂ ಎಚ್ಚರವಿರಬೇಕು. ರಾಗಿ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ನೋಡಿದರೆ, ಪದಾರ್ಥಗಳ ಪಟ್ಟಿಯಲ್ಲಿ ಮೈದಾ, ಸಕ್ಕರೆ, ಎಣ್ಣೆಗಳು ಎಷ್ಟೋ ಸಲ ರಾಗಿಗಿಂತ ಮೊದಲು ಕಾಣಿಸುತ್ತವೆ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮುದ್ದೆ ತಿಂದರೆ ರಕ್ತದ ಸಕ್ಕರೆ ಏರುವುದೇ ಇಲ್ಲ ಎಂಬ ನಂಬಿಕೆಯೂ ಸರಿಯಲ್ಲ. ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗುವುದರಿಂದ ಎರಡು ದೊಡ್ಡ ಮುದ್ದೆಯೂ ಬೆಲ್ಲ ಬೆರೆಸಿದ ರಾಗಿ ಮಾಲ್ಟೂ ಸಕ್ಕರೆಯನ್ನು ಏರಿಸಬಲ್ಲವು. ಹಿಟ್ಟು ತಿಂದು ಬೆಟ್ಟ ಕಿತ್ತಿಟ್ಟವನ ಗಾದೆ ನಮಗೆಲ್ಲ ಗೊತ್ತು, ಆದರೆ ಅವನು ದಿನವಿಡೀ ಕುರ್ಚಿಯಲ್ಲಿ ಕುಳಿತಿರಲಿಲ್ಲ. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುತ್ತಿರುವವರು ಊಟದ ಪ್ರಮಾಣವನ್ನು ಬದಲಿಸುವ ಮುನ್ನ ವೈದ್ಯರನ್ನು ಕೇಳುವುದು ಒಳ್ಳೆಯದು.

ಎಷ್ಟು ತಿನ್ನಬೇಕೆಂಬುದಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ನೆರವಾಗುತ್ತದೆ: ದಿನದ ಒಟ್ಟು ಶಕ್ತಿಯಲ್ಲಿ ಧಾನ್ಯಗಳಿಂದ ಬರುವ ಪಾಲು ಶೇ. 45 ಮೀರಬಾರದು. ನಮ್ಮ ಬಹುತೇಕ ಮನೆಗಳ ತಟ್ಟೆ ಈ ಗೆರೆಯನ್ನು ದಾಟಿರುತ್ತದೆ ಎಂಬುದು ನನ್ನ ಅಂದಾಜು. ಹಾಗೆ ತೆರವಾಗುವ ಜಾಗಕ್ಕೆ ಕಾಳುಗಳು ಬರಲಿ. 100 ಗ್ರಾಂ ಹುರುಳಿಯಲ್ಲಿ ಕೊಬ್ಬು 1 ಗ್ರಾಂಗೂ ಕಡಿಮೆ, ಪ್ರೋಟೀನ್ ಸುಮಾರು 22 ಗ್ರಾಂ. ಅದೂ ಪಿಷ್ಟವಿರುವ ಆಹಾರವೇ ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

ನಮ್ಮ ಮನೆಯಲ್ಲಿ ರಾತ್ರಿಗೆ ಒಂದು ಸಣ್ಣ ಮುದ್ದೆ, ಹುರುಳಿಕಾಳು ಮತ್ತು ಸೊಪ್ಪು ಬೇಯಿಸಿದ ಕಟ್ಟಿನ ಬಸ್ಸಾರು, ಬಸಿದ ಕಾಳುಸೊಪ್ಪಿನ ಪಲ್ಯ ಇರುತ್ತದೆ. ಕೊನೆಯಲ್ಲಿ ಒಂದು ಸೌಟು ಅನ್ನ, ಮಜ್ಜಿಗೆಗೆ.