ಬರೆಯ ಮೇಲಿನ ತೋಟಕ್ಕೆ ಗೊಬ್ಬರದ ಲೆಕ್ಕ

ಕಕ್ಕಡದ (ಜುಲೈ-ಆಗಸ್ಟ್ ತಿಂಗಳ) ಮಳೆ ವಾರಗಟ್ಟಲೆ ಹಿಡಿದು ಹೊಡೆದ ಮೇಲೆ ಬರೆಯ, ಅಂದರೆ ಗುಡ್ಡದ ಇಳಿಜಾರಿನ, ಕಾಫಿ ಗಿಡದ ಬುಡ ನೋಡಿ. ಮೇಲ್ಬದಿಯಲ್ಲಿ ತರಗೆಲೆ, ಹುಡಿಮಣ್ಣು ಒತ್ತಿ ನಿಂತಿರುತ್ತದೆ. ಕೆಳಬದಿಯಲ್ಲಿ ಕೂದಲಿನಂಥ ಬೇರು ಗಾಳಿಗೆ ಬಿದ್ದಿರುತ್ತದೆ. ಗಿಡ ಉಣ್ಣುವುದೇ ಈ ಮೇಲುಬೇರಿನಿಂದ.

ಕೊಚ್ಚಿಹೋಗುವಾಗ ಎಲ್ಲವೂ ಒಂದೇ ಸಮ ಹೋಗುವುದಿಲ್ಲ. ಹಗುರವಾದ ಸಾವಯವ ಅಂಶ ಮತ್ತು ನಯವಾದ ಜೇಡಿ ಮೊದಲು ಹೊರಡುತ್ತವೆ, ಮರಳು, ಕಲ್ಲು ಉಳಿಯುತ್ತವೆ. ರಂಜಕ ಜೇಡಿಗೆ ಅಂಟಿಕೊಂಡೇ ಹೊಳೆ ಸೇರುತ್ತದೆ. ನೈಟ್ರೇಟ್ ನೀರಿನಲ್ಲಿ ಕರಗಿ ಇಳಿಯುತ್ತದೆ. ಹಿಡಿದಿಡಲು ಜೇಡಿ, ಗೊಬ್ಬರದಂಶ ಇಲ್ಲದಿದ್ದರೆ ಪೊಟ್ಯಾಷ್ ಕೂಡ ಅದೇ ದಾರಿ. ಎಕರೆಯಲ್ಲಿ 1 ಮಿ.ಮೀ. ಮಣ್ಣು ಎಂದರೆ ಹೆಚ್ಚುಕಮ್ಮಿ 4 ಘನ ಮೀಟರ್, 4ರಿಂದ 5 ಟನ್. ಅದರಲ್ಲಿ ಶೇ. 2 ಸಾವಯವ ಇಂಗಾಲವಿದ್ದರೆ ಜೊತೆಗೆ 7-8 ಕೆ.ಜಿ. ಸಾರಜನಕವೂ ಹೋಯಿತು. ಯೂರಿಯಾದ ಲೆಕ್ಕದಲ್ಲಿ ಅದು 15-18 ಕೆ.ಜಿ. ಆಯಿತು. ಸಾರಜನಕವನ್ನೇನೋ ಅಂಗಡಿಯಿಂದ ತರಬಹುದು, ಅದನ್ನು ಹಿಡಿದಿಡುವ ಮಣ್ಣನ್ನು ತರಲಾಗದು.

ಆದ್ದರಿಂದ ಇಡೀ ತೋಟಕ್ಕೆ ಒಂದೇ ಮಣ್ಣು ಪರೀಕ್ಷೆ ಮಾಡಿಸುವುದು ದಂಡ. ನೆತ್ತಿ, ನಡು, ಗದ್ದೆಯಂಚು ಮೂರಕ್ಕೂ ಬೇರೆ ಬೇರೆ ಮಾದರಿ ತೆಗೆಯಿರಿ: ತರಗೆಲೆ ಸರಿಸಿ, 9 ಇಂಚು ಆಳದವರೆಗೆ. ಗೊಬ್ಬರ, ಸುಣ್ಣ ಹಾಕಿದ ಹೊಸತರಲ್ಲಿ ಬೇಡ. ಕೆಂಪು ಅಡಿಮಣ್ಣು ಹೊರಬಿದ್ದ ಕಡೆ ಪಿಹೆಚ್ (ಮಣ್ಣಿನ ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಮೊಂಡಾಗುತ್ತದೆ, ಹಾಕಿದ ರಂಜಕವೂ ಮಣ್ಣಿನಲ್ಲೇ ಕಟ್ಟಿಬೀಳುತ್ತದೆ. ಅಲ್ಲಿ ಮೊದಲು ಸುಣ್ಣ, ಆಮೇಲೆ ಗೊಬ್ಬರ. ಎರಡನ್ನೂ ಒಟ್ಟಿಗೆ ಹಾಕಿದರೆ ಯೂರಿಯಾದ ಸಾರ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಗೊಬ್ಬರವನ್ನು ಗಿಡದ ಮೇಲ್ಬದಿಗೆ, ಅರ್ಧಚಂದ್ರಾಕಾರವಾಗಿ ತರಗೆಲೆಯಡಿ ಹಾಕಿ. ಸುತ್ತಲೂ ಎರಚಿದರೆ ಕೆಳಗಿನ ಪಾಲು ಪಕ್ಕದ ಗಿಡಕ್ಕೆ, ಬಹಳ ಸಲ ಪಕ್ಕದವರ ಗದ್ದೆಗೆ.

ಹರಿಯುವ ನೀರು, ಮಣ್ಣು ತಡೆಯಲು ತೋಡುವ ತೊಟ್ಟಿಲು ಗುಂಡಿಗೆ ಒಂದೂವರೆ ಅಡಿ ಅಗಲ, ಒಂದರಿಂದ ಒಂದೂವರೆ ಅಡಿ ಆಳ ಸಾಕು. ಸಾಲುಗಳ ನಡುವೆ, ಇಳಿಜಾರಿಗೆ ಅಡ್ಡವಾಗಿ, ಒಂದರ ಕೆಳಗೆ ಇನ್ನೊಂದು ನೇರ ಬಾರದಂತೆ ತೆಗೆಯಬೇಕು. ಕಣ್ಣಂದಾಜಿನಲ್ಲಿ ತೋಡಿಸಿದರೆ ಗುಂಡಿ ಒಂದು ತುದಿಗೆ ವಾಲಿ, ನೀರು ಅಲ್ಲಿಂದಲೇ ಉಕ್ಕಿ ಹೊಸ ಕೊರಕಲು ಬೀಳುತ್ತದೆ. ಮಟ್ಟ ಹಿಡಿದೇ ಗುರುತು ಹಾಕಿ. ತುಂಬಿದ ಹೂಳು ತೋಟದ ಅತ್ಯುತ್ತಮ ಮಣ್ಣು, ಮೇಲಿನ ಸಾಲಿನ ಬೇರಿಗೇ ಮುಚ್ಚಿಸಿ. ಆದರೆ ಕಡಿದಾದ, ಬಿರುಕು ಬಿಟ್ಟ ಬರೆಯಲ್ಲಿ ಗುಂಡಿ ಬೇಡವೇ ಬೇಡ. ಇಂಗಿದ ನೀರೇ ಬರೆಯನ್ನು ಜಾರಿಸುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬರೆಗಳು ಜಾರಿದ್ದನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಮಳೆಗಾಲದಲ್ಲಿ ಕಳೆ ಕೆತ್ತಿಸಬೇಡಿ, ಸವರಿಸಿ. ಗೇಣುದ್ದ ಹುಲ್ಲಿನ ಬೇರು ಮಣ್ಣು ಹಿಡಿದಿರಲಿ, ಸವರಿದ್ದು ಅಲ್ಲೇ ಬಿದ್ದಿರಲಿ. ತೋಟ ಚೊಕ್ಕವಾಗಿ ಕಾಣಲಿಲ್ಲವೆಂದು ನೆಂಟರು ಆಡಿಕೊಂಡರೆ ಆಡಿಕೊಳ್ಳಲಿ.