ಎಡೆ ಇಟ್ಟ ಕೋಣೆಯ ಫ್ಯಾನ್

2 ಅಕ್ಟೋಬರ್ 2024, ಬುಧವಾರ
ಮಹಾಲಯ ಅಮಾವಾಸ್ಯೆ, ರಾತ್ರಿ 11.20

ಗಾಂಧೀಜಿ ಹುಟ್ಟಿದ ದಿನವೂ ನಮ್ಮ ಹಿರಿಯರ ಹಬ್ಬವೂ ಒಂದೇ ದಿನ ಬಿದ್ದು ಈ ಸಲ ಎಲ್ಲರೂ ಪೇಚಿಗೆ ಸಿಕ್ಕಿಕೊಂಡರು. ಗಾಂಧಿ ಜಯಂತಿಯೆಂದರೆ ಬೆಂಗಳೂರಿನಲ್ಲಿ ಮಾಂಸದಂಗಡಿ ಮುಚ್ಚಿರುತ್ತದೆ, ಮದ್ಯದಂಗಡಿಯಂತೂ ರಾಜ್ಯದಲ್ಲೆಲ್ಲೂ ತೆರೆಯುವಂತಿಲ್ಲ. ನಮ್ಮ ಹಿರಿಯರಿಗೋ ಇವೆರಡೂ ಇಲ್ಲದೆ ಹಬ್ಬವೇ ಆಗುವುದಿಲ್ಲ. ಹಾಗಾಗಿ ನಿನ್ನೆ ಸಂಜೆ ಶಾಲೆಯಿಂದ ಬರುತ್ತ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಎರಡು ಕೆ.ಜಿ. ಮಟನ್ ತಂದು ಫ್ರಿಜ್‌ನಲ್ಲಿಟ್ಟೆ. ತಮ್ಮ ಬ್ರಾಂಡಿಯ ಒಂದು ಕ್ವಾರ್ಟರ್ ಮತ್ತು ಒಂದು ಕಟ್ಟು ಬೀಡಿ ತಂದ.

ಬೆಳಗ್ಗೆ ಮದ್ದೂರಿನಿಂದ ಅತ್ತೆ ಬಂದರು. ಅಪ್ಪನ ಅಕ್ಕ, ಎಪ್ಪತ್ತೆಂಟು ವರ್ಷ. ಬಂದವರೇ ನೀರು ಕುಡಿಯುವ ಮೊದಲು ಫ್ರಿಜ್ ತೆಗೆದು ನೋಡಿದರು. “ನನ್ನ ತಮ್ಮನಿಗೆ ತಂಗಳು ಬಾಡು ಬಡಿಸುತ್ತೀಯೇನೆ?”

“ಇದ್ದಾಗ ಮೂರು ದಿನದ ಸಾರನ್ನು ಕಾಯಿಸಿಕೊಂಡು ಉಣ್ಣುತ್ತಿದ್ದರು, ಬಿಡಿ ಅತ್ತಿಗೆ” ಎಂದಳು ಅವ್ವ, ಕೊಬ್ಬರಿ ತುರಿಯುತ್ತ.

ನಾನು ಎಂಟು ಗಂಟೆಗೇ ಶಾಲೆಗೆ ಓಡಬೇಕಿತ್ತು. ಗಾಂಧೀಜಿಯ ಫೋಟೊಗೆ ಹಾರ, ರಘುಪತಿ ರಾಘವ, ಮಕ್ಕಳಿಗೆ ಸಿಹಿ, ನಾಳೆಯಿಂದ ದಸರಾ ರಜೆ. ಹಾರಕ್ಕೆಂದು ತಂದಿದ್ದ ಸೇವಂತಿಗೆಯಲ್ಲಿ ಎರಡು ಮೊಳ ಮಿಕ್ಕಿತು. ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದು ಅಪ್ಪನ ಫೋಟೊಗೆ ಮುಡಿಸಿದೆ. ಅಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಮಿಕ್ಕಿದ್ದನ್ನು ಹೀಗೆ ಉಪಯೋಗಿಸಿದ್ದಕ್ಕೆ ಖುಷಿಪಡುತ್ತಿದ್ದ.

ಕಳೆದ ವರ್ಷ ಜೂನ್‌ನಲ್ಲಿ ಅವನು ಹೋದ. ಈ ಜೂನ್‌ನಲ್ಲಿ ವರ್ಷದ ಕಾರ್ಯ ಮುಗಿಯಿತು. ಹಿರಿಯರ ಜೊತೆ ಅವನನ್ನೂ ಸೇರಿಸಿ ಎಡೆ ಇಡುತ್ತಿರುವುದು ಇದೇ ಮೊದಲು. ಹೀಗಾಗಿ ಎಲ್ಲವೂ ಸರಿಯಾಗಿ ಆಗಬೇಕು ಎಂದು ಅತ್ತೆಯ ಹಟ. ಕಳಶಕ್ಕೆ ಹೊಸ ಪಂಚೆ, ಮೇಲೊಂದು ಟವೆಲ್. ಬಾಳೆಯೆಲೆಯ ಮೇಲೆ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಅನ್ನ, ಕಜ್ಜಾಯ, ಚಕ್ಕುಲಿ, ಎಲೆ ಅಡಿಕೆ. ತಮ್ಮ ಅಪ್ಪನ ಸೀಟಿಯನ್ನೂ ತಂದು ಎಲೆಯ ಪಕ್ಕ ಇಟ್ಟ. ಒಂದು ಸಲ ಊದಿದರೆ ನಿಲ್ಲಿಸು, ಎರಡು ಸಲ ಊದಿದರೆ ಹೊರಡು. ಚಿಕ್ಕವರಿದ್ದಾಗ ಮನೆಯಲ್ಲಿ ನಮ್ಮನ್ನು ಎಬ್ಬಿಸುತ್ತಿದ್ದುದೂ ಅದರಿಂದಲೇ.

ಪಂಚೆಯ ನೆರಿಗೆ ಸರಿಮಾಡುತ್ತ ಅತ್ತೆ ಹದಿನಾರು ತಿಂಗಳಿನಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಕೊನೆಗೂ ಆಡಿಬಿಟ್ಟರು.

“ಎಲ್ಲ ಇಟ್ಟಿದ್ದೀರಿ. ಕಣ್ಣಿಲ್ಲದವನು ಇದನ್ನೆಲ್ಲ ಹೇಗೆ ನೋಡುತ್ತಾನೆ? ಮನೆಗೆ ದಾರಿಯಾದರೂ ಹೇಗೆ ತಿಳಿಯುತ್ತದೆ?”

ಯಾರೂ ಮಾತಾಡಲಿಲ್ಲ. ಏಕೆಂದರೆ ಕಣ್ಣು ಕೊಟ್ಟವಳು ನಾನು.

ಬರೆದುಕೊಟ್ಟಿದ್ದವನು ಅಪ್ಪನೇ. ರಾಜ್‌ಕುಮಾರ್ ಎಂದರೆ ಅವನಿಗೆ ಪ್ರಾಣ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡು ಕಣ್ಣುಗಳನ್ನು ದಾನ ಮಾಡಿದಾಗಲೇ ತಾನೂ ಕೊಡುತ್ತೇನೆ ಎಂದಿದ್ದ, ಎಂದಿನಂತೆ ಮರೆತ. 2021ರ ಅಕ್ಟೋಬರ್ 29ರಂದು ಪುನೀತ್ ಹೋದರು. ಆ ಎರಡು ಕಣ್ಣುಗಳ ಕಾರ್ನಿಯಾಗಳನ್ನು (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಪದರ ಬಿಡಿಸಿ, ಮುಂದಿನ ಪದರ ಇಬ್ಬರಿಗೆ, ಹಿಂದಿನ ಪದರ ಇನ್ನಿಬ್ಬರಿಗೆ, ಒಟ್ಟು ನಾಲ್ವರಿಗೆ ಹಾಕಿದರು ಎಂಬ ಸುದ್ದಿ ಬಂದಾಗ ಅಪ್ಪ ಪತ್ರಿಕೆಯನ್ನು ಎರಡು ಸಲ ಓದಿಸಿ ಕೇಳಿಸಿಕೊಂಡ. “ಎರಡು ಟಿಕೆಟ್‌ನಲ್ಲಿ ನಾಲ್ಕು ಜನ!” ಎಂದ. ಇಡೀ ಬದುಕು ಟಿಕೆಟ್ ಇಲ್ಲದವರನ್ನು ಹಿಡಿದವನಿಗೆ ಅದು ಬಹಳ ಹಿಡಿಸಿತು. ಮರುವಾರವೇ ಫಾರಂ ತರಿಸಿ ಸಹಿ ಹಾಕಿದ.

ಅಪ್ಪ ಹೋದ ರಾತ್ರಿಯದು ಒಂದು ಸಂಗತಿ ಮಾತ್ರ ನನಗೆ ಇವತ್ತಿಗೂ ಮುಳ್ಳಿನ ಹಾಗೆ ಚುಚ್ಚುತ್ತದೆ. ಎರಡೂಕಾಲಕ್ಕೆ ಉಸಿರು ನಿಂತಿತು. ಅಲ್ಲಿಂದ ಆರು ತಾಸಿನೊಳಗೆ ಕಾರ್ನಿಯಾ ತೆಗೆಯಬೇಕು. ನೇತ್ರ ಬ್ಯಾಂಕಿಗೆ ಫೋನ್ ಮಾಡಿದೆ. ಆ ಕಡೆಯಿಂದ ಒಬ್ಬ ಹುಡುಗ ನಿಧಾನವಾಗಿ ಹೇಳಿದ: ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಟ್ಟು ಎತ್ತರಿಸಿ, ಫ್ಯಾನ್ ಆರಿಸಿ. ಗಾಳಿಗೆ ಕಣ್ಣು ಒಣಗುತ್ತದಂತೆ. ಆರಿಸಿದೆ. ಅವ್ವ ಎದ್ದು ಹೋಗಿ ಹಾಕಿದಳು. ಮತ್ತೆ ಆರಿಸಿದೆ. ಅವಳು ಮತ್ತೆ ಹಾಕಿದಳು. “ಫ್ಯಾನ್ ಇಲ್ಲದೆ ಒಂದು ನಿಮಿಷ ಮಲಗಿದವರಲ್ಲ, ಬೆವರುತ್ತಾರೆ” ಎಂದಳು. ಅವಳಿಗೆ ಅವನು ಸತ್ತಿರುವುದು ಗೊತ್ತಿರಲಿಲ್ಲ ಎಂದಲ್ಲ. ಆಗಲೇ ಕುಂಕುಮ ಅಳಿಸಿಕೊಂಡಿದ್ದಳು. ಮೂರನೆಯ ಸಲ ನಾನು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತುಬಿಟ್ಟೆ. ಅವರು ಬಂದು, ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿ, ಒಂದಿಷ್ಟು ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಂಡು, ಕೈ ಮುಗಿದು ಹೋಗುವ ತನಕ ನಾನು ಅಲ್ಲಿಂದ ಕದಲಲಿಲ್ಲ. ಅವ್ವ ನನ್ನನ್ನೇ ನೋಡುತ್ತಿದ್ದಳು.

ಎರಡೂ ಉಪಯೋಗವಾದವು ಎಂದು ಆಮೇಲೆ ಪತ್ರ ಬಂತು. ಯಾರಿಗೆ ಎಂದು ಹೇಳುವುದಿಲ್ಲ, ಅದು ನಿಯಮ.

ನಾನು ವಿಜ್ಞಾನದ ಮೇಷ್ಟ್ರು. ಕಾರ್ನಿಯಾ ಎಂದರೆ ಏನೆಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ: ಅರ್ಧ ಮಿಲಿಮೀಟರ್ ದಪ್ಪದ ಪಾರದರ್ಶಕ ಪದರ, ರಕ್ತನಾಳವಿಲ್ಲ, ಬೇಕಾದ ಆಮ್ಲಜನಕದ ಹೆಚ್ಚಿನ ಪಾಲನ್ನು ಎದುರಿನ ಗಾಳಿಯಿಂದಲೇ ಕಣ್ಣೀರಿನ ಮೂಲಕ ಎಳೆದುಕೊಳ್ಳುತ್ತದೆ. ಅದಕ್ಕೇ ಎದೆಬಡಿತ ನಿಂತ ಮೇಲೂ ಅದು ಕೆಲವು ಗಂಟೆ ಬದುಕಿರುತ್ತದೆ. ಅಂದರೆ ನಾವೆಲ್ಲ ಬಾಯಿಬಡಿದುಕೊಂಡು ಅಳುತ್ತಿದ್ದಾಗ ಅಪ್ಪನಲ್ಲಿ ಸ್ವಲ್ಪ ಇನ್ನೂ ಸತ್ತಿರಲಿಲ್ಲ. ಇನ್ನೂ ಒಂದು ವಿಷಯವಿದೆ, ಅದನ್ನು ಮಕ್ಕಳಿಗೆ ಹೇಳಿಲ್ಲ. ಕಸಿ ಮಾಡಿದ ಮೇಲೆ ಕಾರ್ನಿಯಾದ ಹೊರಮೈಯ ಜೀವಕಣಗಳು ಕ್ರಮೇಣ ಉದುರಿ ಅಲ್ಲಿ ಪಡೆದವರ ಸ್ವಂತ ಕಣಗಳು ಬರುತ್ತವೆ. ಒಳಮೈಯ ಪದರ ಹಾಗಲ್ಲ. ಆ ಕಣಗಳು ಒಡೆದು ಹೆಚ್ಚುವುದಿಲ್ಲ. ಕೊಟ್ಟವರಿಂದ ಬಂದಷ್ಟೇ ಬಂಡವಾಳ. ಅವು ಹಗಲೂ ರಾತ್ರಿ ಒಳಗೆ ಜಿನುಗುವ ನೀರನ್ನು ಹೊರಹಾಕುತ್ತ ಕಣ್ಣು ಮಸುಕಾಗದಂತೆ ಕಾಯುತ್ತಿರುತ್ತವೆ, ವರ್ಷಗಟ್ಟಲೆ. ಅಪ್ಪನವು ಈ ಹೊತ್ತಿನಲ್ಲಿ, ನಾನು ಇದನ್ನು ಬರೆಯುತ್ತಿರುವಾಗ, ಎಲ್ಲೋ ಇಬ್ಬರ ಕಣ್ಣಿನಲ್ಲಿ ನೀರೆತ್ತುತ್ತಿರಬಹುದು.

ಅದು ಅಪ್ಪನೇ? ಅಲ್ಲ ಎಂದೇ ನನಗನ್ನಿಸುತ್ತದೆ. ಭಾನುವಾರ ಬೆಳಗ್ಗೆ ಅಂಗಳದಲ್ಲಿ ಕೂತು ಉಗುರು ಕತ್ತರಿಸಿ ಎಸೆಯುತ್ತಿದ್ದ. ಅದೂ ಅವನದೇ ಆಗಿತ್ತು, ನಾವು ಗುಡಿಸಿ ಹಾಕುತ್ತಿದ್ದೆವು. ಚಿಲ್ಲರೆ ಇಲ್ಲ ಎಂದವರಿಗೆ ಟಿಕೆಟ್‌ನ ಹಿಂದೆ ಬಾಕಿ ಬರೆದುಕೊಡುವಾಗ ಹಾಕುತ್ತಿದ್ದ ಆ ಗೀಟು, ಯಾವ ಅಜ್ಜಿ ಯಾವ ಸ್ಟಾಪ್‌ನಲ್ಲಿ ಇಳಿಯಬೇಕೆಂಬ ಲೆಕ್ಕ, ಸುಮ್ಮಸುಮ್ಮನೆ ಬರುತ್ತಿದ್ದ ಸಿಟ್ಟು, ಇದ್ಯಾವುದೂ ಕಾರ್ನಿಯಾದಲ್ಲಿಲ್ಲ. ಕಠೋಪನಿಷತ್ತಿನಲ್ಲಿ ನಚಿಕೇತ ಕೇಳಿದ್ದೂ ಇದನ್ನೇ: ಸತ್ತ ಮೇಲೆ ಇರುತ್ತಾನೆ ಎನ್ನುತ್ತಾರೆ ಕೆಲವರು, ಇಲ್ಲ ಎನ್ನುತ್ತಾರೆ ಕೆಲವರು, ಯಾವುದು ನಿಜ? ಸಾಕ್ಷಾತ್ ಯಮನೇ “ಬೇರೆ ಏನಾದರೂ ಕೇಳಪ್ಪ” ಎಂದು ಮೊದಲು ಜಾರಿಕೊಳ್ಳಲು ನೋಡಿದ. ಕೊನೆಗೆ ಅವನು ಕೊಟ್ಟ ಉತ್ತರವನ್ನು ಕಾಲೇಜಿನಲ್ಲಿದ್ದಾಗ ಓದಿದ್ದೇನೆ. ಅಲ್ಲಿರುವ ಆತ್ಮ ಹುಟ್ಟುವುದಿಲ್ಲ, ಸಾಯುವುದಿಲ್ಲ. ಒಪ್ಪೋಣ. ಆದರೆ ಅದಕ್ಕೆ ಬೋಟಿ ಗೊಜ್ಜು ಇಷ್ಟವಿರಲಿಲ್ಲ. ನಮ್ಮಪ್ಪನಿಗೆ ಇತ್ತು.

ಅತ್ತೆಯ ಮಾತಿಗೆ ಉತ್ತರ ಬಂದದ್ದು ಅವ್ವನಿಂದ.

“ಕಣ್ಣು ಯಾಕೆ ಬೇಕು ಅತ್ತಿಗೆ? ನೈಟ್ ಡ್ಯೂಟಿಯಲ್ಲಿ ಸೀಟಿಗೊರಗಿ ತೂಕಡಿಸುತ್ತಿದ್ದವರು ತಿರುವು ಬಂದರೆ ಕಣ್ಣು ಬಿಡದೆ ಸೀಟಿ ಊದುತ್ತಿದ್ದರಂತೆ. ಶಿಂಷಾ ಸೇತುವೆ ಬಂತು ಎಂದು ಮೈಗೇ ತಿಳಿಯುತ್ತದೆ ಎನ್ನುತ್ತಿದ್ದರು. ಮನೆ ತಿಳಿಯುವುದಿಲ್ಲವೇ?”

ಅತ್ತೆ ಒಂದು ಗಳಿಗೆ ಯೋಚಿಸಿ ತಲೆಯಾಡಿಸಿದರು. ನನ್ನ ಕಡೆಗೂ ತಿರುಗಿ ನೋಡಿದರು, ಕಳೆದ ವರ್ಷದಿಂದ ಮೊದಲ ಸಲ ಸರಿಯಾಗಿ.

ಅಡುಗೆ ಕಾಯುತ್ತಿರುವಾಗ ನನಗೆ ಆತಗೂರಿನ ಕಲ್ಲು ನೆನಪಾಯಿತು. ಆತಗೂರು ನಮ್ಮ ಮದ್ದೂರು ತಾಲ್ಲೂಕಿನದೇ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾನು ಐದನೆಯ ತರಗತಿಯಲ್ಲಿದ್ದಾಗ ಅಪ್ಪ ರಜೆ ಹಾಕಿ ಕರೆದುಕೊಂಡು ಹೋಗಿ “ನಮ್ಮ ಕಡೆಯ ನಾಯಿ ನೋಡು” ಎಂದು ತೋರಿಸಿದ್ದ. ಸುಮಾರು 950ನೆಯ ಇಸವಿಯ ಕಲ್ಲು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತು ರಾಷ್ಟ್ರಕೂಟರ ಮೂರನೆಯ ಕೃಷ್ಣ ಗೆದ್ದ. ಗಂಗ ಬೂತುಗನ ಕಡೆಯ ಮಣಲೆರನ ಶೌರ್ಯಕ್ಕೆ ಮೆಚ್ಚಿ ಏನು ಬೇಕು ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆಮೇಲೊಂದು ದಿನ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಎರಡೂ ಕಾದಾಡಿ ಎರಡೂ ಸತ್ತವು. ಕಾಳಿಗಾಗಿ ಆತಗೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ನಾಯಿಯೂ ಹಂದಿಯೂ ಕಾದಾಡುವುದನ್ನು ಕಲ್ಲಿನಲ್ಲೇ ಕೆತ್ತಿದ್ದಾರೆ.

ಬೇರೆ ವೀರಗಲ್ಲುಗಳಲ್ಲಿ ಸತ್ತವನು ಎಲ್ಲಿಗೆ ಹೋದ ಎಂಬುದು ಕಣ್ಣಿಗೆ ಕಾಣುವಂತಿರುತ್ತದೆ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಹೊತ್ತೊಯ್ಯುವುದು, ಮೇಲೆ ಕೈಲಾಸ. ಕಾಳಿಯ ಕಲ್ಲಿನ ಕೊನೆಯಲ್ಲಿರುವುದು ಬೇರೆಯೇ ಚಿಂತೆ: ಆ ಭೂಮಿಯನ್ನು ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ. ಇವತ್ತು ಎಡೆಯ ಎಲೆ ತೊಳೆಯುವಾಗ ಅದು ಹೊಸದಾಗಿ ಅರ್ಥವಾದಂತಾಯಿತು. ಮೊದಲು ಅದಕ್ಕೆ, ಆಮೇಲೆ ನಿನಗೆ. ಬೆಳಗ್ಗೆಯಿಂದ ಮಟನ್ ಸಾರಿನ ವಾಸನೆಗೆ ಬಾಯಲ್ಲಿ ನೀರೂರುತ್ತಿದ್ದರೂ ನಮ್ಮ ಮನೆಯಲ್ಲಿ ಯಾರೂ ಉಪ್ಪು ನೋಡಲೂ ನಾಲಿಗೆಗೆ ಹಚ್ಚಿಕೊಂಡಿರಲಿಲ್ಲ. ತಮ್ಮನ ಆರು ವರ್ಷದ ಮಗ ಕೂಡ. (ಅವನು ಒಂದು ಚಕ್ಕುಲಿ ತಿಂದಿದ್ದಾನೆಂದು ನನಗೆ ಗುಮಾನಿ. ನಾಯಿಯ ಪಾಪ ಅವನನ್ನು ಬಿಡಲಿ.)

ದೀಪ ಹಚ್ಚುವ ಹೊತ್ತಿಗೆ ಎಲ್ಲ ಬಡಿಸಿ ಆಯಿತು. ತಮ್ಮ ಲೋಟಕ್ಕೆ ಬ್ರಾಂಡಿ ಬಗ್ಗಿಸಿದ. ಬೀಡಿ ಹಚ್ಚಿ, ಎರಡು ದಮ್ಮು ಎಳೆದು ಕೆಂಡ ಹಿಡಿಸಿ, ಬಟ್ಟಲಿನ ಅಂಚಿಗೆ ಒರಗಿಸಿಟ್ಟ. ಧೂಪ ಹಾಕಿ, ಅಡ್ಡಬಿದ್ದು, ಹಿರಿಯರು ಸಂಕೋಚವಿಲ್ಲದೆ ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಹೊರಗೆ ಬರುವುದು ಪದ್ಧತಿ. ಎಲ್ಲರೂ ಬಂದೆವು. ಅವ್ವ ಬಾಗಿಲಲ್ಲೇ ನಿಂತಳು. ಕೋಣೆಯಲ್ಲಿ ಧೂಪದ ಹೊಗೆ ಕವಿದು ಸೆಖೆ ಹಬೆಯಾಡುತ್ತಿತ್ತು. ದೀಪ ಆರೀತೆಂದು ಫ್ಯಾನ್ ನಿಲ್ಲಿಸಿದ್ದೆವು. ಅವಳು ಏನೂ ಹೇಳಲಿಲ್ಲ. ಒಮ್ಮೆ ಮೇಲೆ ನೋಡಿದಳು, ಒಮ್ಮೆ ನನ್ನ ಕಡೆ ನೋಡಿದಳು.

ನಾನು ಅಡುಗೆಮನೆಯಿಂದ ಮೊರ ತಂದು ದೀಪಕ್ಕೆ ಅಡ್ಡ ಇಟ್ಟು ಫ್ಯಾನ್ ಹಾಕಿದೆ. ಎರಡನೆಯ ನಂಬರಿಗೆ. “ಮೂರಕ್ಕಿಡು” ಎಂದಳು. ಮೂರಕ್ಕಿಟ್ಟೆ.

ಹೊರಗೆ ಹತ್ತು ನಿಮಿಷ ನಿಂತಿರಬೇಕು. ಪಕ್ಕದ ಮನೆಯ ಟಿವಿಯಲ್ಲಿ ರಾತ್ರಿಯ ಸೂರ್ಯಗ್ರಹಣದಿಂದ ಯಾವ ರಾಶಿಗೆ ಏನು ಕೇಡು ಎಂದು ಒಬ್ಬರು ಅರಚುತ್ತಿದ್ದರು. ಅದು ಇಲ್ಲಿ ಕಾಣುವುದೂ ಇಲ್ಲ. ಕಾಣುವುದು ದಕ್ಷಿಣ ಅಮೆರಿಕದ ತುದಿಯಲ್ಲಿ. ತಮ್ಮ ಕೆಮ್ಮಿ, ಬಾಗಿಲನ್ನು ಎರಡು ಸಲ ತಟ್ಟಿ ತೆರೆದ. ತಟ್ಟದೆ ನುಗ್ಗಬಾರದು, ಊಟದಲ್ಲಿರುವವರು ಗಾಬರಿಯಾಗುತ್ತಾರೆ.

ಅತ್ತೆ ಮೊದಲು ಹೋಗಿ ಎಲೆಯ ಮುಂದೆ ಬಗ್ಗಿದರು. ಮುದ್ದೆ ಗಾಳಿಗೆ ಆರಿ ಒಂದು ಕಡೆ ಬಿರಿದಿತ್ತು. ಅದಕ್ಕೆ ಅವರು ಏನೂ ಅನ್ನಲಿಲ್ಲ. ಎಷ್ಟು ಎಡೆ ನೋಡಿದ್ದಾರೋ. ಆಮೇಲೆ ಬಟ್ಟಲು ನೋಡಿದರು. ಬೀಡಿ ಇರಲಿಲ್ಲ. ಕಟ್ಟಿದ ದಾರದ ಹತ್ತಿರ ಕರಕಲಾದ ಒಂದು ತುಣುಕು, ಉಳಿದದ್ದೆಲ್ಲ ಬೂದಿ.

“ನೋಡು” ಎಂದರು ಅತ್ತೆ, ಬಹಳ ಸಣ್ಣ ದನಿಯಲ್ಲಿ. “ಪೂರ್ತಿ ಸೇದಿದ್ದಾನೆ.”

ಬೀಡಿ ಸಿಗರೇಟಿನ ಹಾಗಲ್ಲ. ಎಳೆಯುತ್ತಿರದಿದ್ದರೆ ಆರಿಹೋಗುತ್ತದೆ. ಅಪ್ಪನ ಬೀಡಿಗೆ ಮಾತಿನ ನಡುವೆ ನಾಲ್ಕು ಕಡ್ಡಿ ಖರ್ಚಾಗುತ್ತಿತ್ತು. ಇದು ಅತ್ತೆಗೂ ಗೊತ್ತು, ಅವ್ವನಿಗೂ ಗೊತ್ತು. ಫ್ಯಾನಿನ ಗಾಳಿ ಕೆಂಡವನ್ನು ಊದುತ್ತಿತ್ತು ಎಂಬುದು ನನಗೂ ಗೊತ್ತು. ಬಾಯಿ ತೆರೆಯಲಿಲ್ಲ. ತಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಅವನು ಡಿಪ್ಲೊಮಾ ಓದಿದವನು, ಅವನಿಗೂ ಹೊಳೆದಿತ್ತು. ಅವನೂ ಸುಮ್ಮನಿದ್ದ. ಉಳಿದ ಬ್ರಾಂಡಿಯನ್ನು ಪ್ರಸಾದವೆಂದು ಅವನೇ ಕುಡಿದ.

ಊಟಕ್ಕೆ ಕೂತಾಗ ಎಂಟೂವರೆ. ಮಟನ್ ಒಂದಿಷ್ಟೂ ತಂಗಳೆನ್ನಿಸಲಿಲ್ಲ. ಅತ್ತೆ ಎರಡು ಸಲ ಹಾಕಿಸಿಕೊಂಡರು.

ಎಲ್ಲರೂ ಮಲಗಿದ ಮೇಲೆ ನನಗೊಂದು ಯೋಚನೆ ಬಂತು. ಮಕ್ಕಳಿಗೆ ಪ್ರಯೋಗ ಮಾಡಿಸುವಾಗ ಹೇಳುವುದೇ ಇದು: ಒಂದರಲ್ಲಿ ಗಾಳಿ ಇರಲಿ, ಇನ್ನೊಂದರಲ್ಲಿ ಬೇಡ, ಹೋಲಿಸಿ ನೋಡಿ. ಕಟ್ಟಿನಲ್ಲಿ ಬೀಡಿ ಇನ್ನೂ ಬೇಕಾದಷ್ಟಿದೆ. ಒಂದನ್ನು ಫ್ಯಾನ್ ಆರಿಸಿ ಹಚ್ಚಿಟ್ಟು ನೋಡಿದರಾಯಿತು, ಹತ್ತು ನಿಮಿಷದ ಕೆಲಸ. ಬೆಂಕಿಪೊಟ್ಟಣ ಹುಡುಕಿಕೊಂಡು ಕೋಣೆಗೆ ಹೋದೆ. ಅವ್ವ ಎಚ್ಚರವಾಗಿದ್ದಳು. ಪಂಚೆ ಮಡಿಸಿಟ್ಟು, ಸೀಟಿಯನ್ನು ಒರೆಸಿ ಅದರ ಮೇಲಿಟ್ಟು, ಬೀಡಿ ಕಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತುತ್ತಿದ್ದಳು.

“ಒಂದು ಕೊಡು” ಎಂದೆ.

“ನಿನಗೆ ಯಾಕೆ? ಮುಂದಿನ ವರ್ಷಕ್ಕೆ ಬೇಕು” ಎಂದು ಟ್ರಂಕಿನಲ್ಲಿಟ್ಟು ಮುಚ್ಚಿದಳು.